ಮಿಸೊ ಬಗ್ಗೆ ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಮೂರೂವರೆ ವರ್ಷ ಜಪಾನಿನ ಐಚಿ ಪ್ರಾಂತ್ಯದಲ್ಲಿ ಇದ್ವಿ, ಯಜಮಾನ್ರಿಗೆ ಅಲ್ಲಿ ಕೆಲಸ, ನನಗೆ ಅಂಗಡೀಲಿ ನಿಂತು ಪ್ರತಿ ಪ್ಯಾಕೆಟ್ ಹಿಂದೆ ಏನು ಬರೆದಿದೆ ಅಂತ ಮೊಬೈಲ್ ಹಿಡಿದು ಓದೋದೇ ಕೆಲಸ. ವಾಪಸ್ ಬಂದ್ಮೇಲೆ ನೆಂಟರು, ಅಪಾರ್ಟ್‌ಮೆಂಟಿನವರು, ಹಳೇ ಆಫೀಸಿನವರು ಎಲ್ಲ ಮಿಸೊ ಡಬ್ಬಿ ಫೋಟೋ ಕಳಿಸಿ ಒಂದಲ್ಲ ಒಂದು ಕೇಳ್ತಾನೇ ಇರ್ತಾರೆ. ಪ್ರತಿ ಸಲ ಅದನ್ನೇ ಟೈಪ್ ಮಾಡಿ ಮಾಡಿ ಬೆರಳು ಸವೀತು, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೀನಿ. ಪ್ರಶ್ನೆಗಳು ಅವರು ಕೇಳಿದ ಹಾಗೇ ಇವೆ.

## ಮೊದಲ ಸಲ ಕೇಳೋರಿಗೆ

ಮಿಸೊ ಅಂದ್ರೆ ಏನು, ಜಪಾನೀಸ್ ಹೋಟ್ಲಲ್ಲಿ ಕೊಡ್ತಾರಲ್ಲ ಆ ಸೂಪಾ?

ಆ ಸೂಪಿನ ಹೆಸರು ಮಿಸೊಶಿರು, ಅದಕ್ಕೆ ಹಾಕೋ ಪೇಸ್ಟು ಮಿಸೊ. ಬೇಯಿಸಿ ಜಜ್ಜಿದ ಸೋಯಾ ಅವರೆ, ಉಪ್ಪು, ಕೋಜಿ ಅಂತ ಒಂದು ಹೆಪ್ಪು, ಈ ಮೂರನ್ನ ಕಲೆಸಿ ಗಾಳಿ ಆಡದ ಹಾಗೆ ಒತ್ತಿ ತುಂಬಿ ತಿಂಗಳುಗಟ್ಟಲೆ ಬಿಟ್ರೆ ಅದು ಮಿಸೊ ಆಗುತ್ತೆ. ಕೆಲವು ವಾರದಲ್ಲೇ ಆಗೋವೂ ಇವೆ, ಎರಡು ಮೂರು ವರ್ಷ ಕೂರೋವೂ ಇವೆ.

ನಾನು ಎಲ್ರಿಗೂ ಮೊದಲು ಹೇಳೋದು ಒಂದೇ ಮಾತು, ಇದನ್ನ ಉಪ್ಪು ಅಂದ್ಕೊಳ್ಳಿ. ರುಚಿ ತುಂಬ್ಕೊಂಡಿರೋ ಒದ್ದೆ ಉಪ್ಪು. ಹಾಗೆ ಅಂದ್ಕೊಂಡ್ರೆ ಎಷ್ಟು ಹಾಕ್ಬೇಕು, ಯಾವಾಗ ಹಾಕ್ಬೇಕು, ಯಾರು ಕಮ್ಮಿ ತಿನ್ಬೇಕು ಅನ್ನೋದರಲ್ಲಿ ಅರ್ಧ ತಾನಾಗೇ ಗೊತ್ತಾಗುತ್ತೆ.

ನೋಡೋಕೆ ಶೇಂಗಾ ಬೆಣ್ಣೆ ತರ ಇದೆ, ಬ್ರೆಡ್ಡಿಗೆ ಹಚ್ಕೊಂಡು ತಿನ್ನಬಹುದಾ?

ನಮ್ಮ ಭಾವ ತಿಂದಿದ್ದಾರೆ. ಎರಡು ಚೊಂಬು ನೀರು ಕುಡಿದ್ರು.

ಬೆಣ್ಣೆ ನಾಲ್ಕು ಪಾಲು, ಮಿಸೊ ಒಂದು ಪಾಲು ಕಲೆಸಿ ಹಚ್ಚಿದ್ರೆ ಮಾತ್ರ ಚೆನ್ನಾಗಿರುತ್ತೆ, ಟೋಸ್ಟಿಗೂ ಸರಿ ಸುಟ್ಟ ಜೋಳದ ತೆನೆಗೂ ಸರಿ. ಹಾಗೇ ತಿನ್ನೋಕೆ ಅಂತಲೇ ಮಾಡೋ ಮಿಸೊಗಳು ಬೇರೆ ಇವೆ, ಉದಾಹರಣೆಗೆ ವಾಕಾಯಾಮಾ ಕಡೆಯ ಕಿನ್ಜಾಂಜಿ ಮಿಸೊ, ಅದರಲ್ಲಿ ಬದನೆ, ಶುಂಠಿ ತುಂಡುಗಳು ಇರ್ತವೆ, ಅನ್ನದ ಜೊತೆ ನಂಚ್ಕೊಳ್ಳೋದು, ನಮ್ಮ ಉಪ್ಪಿನಕಾಯಿ ಲೆಕ್ಕ.

ಬೂಸ್ಟು ಹಿಡಿಸಿ ಮಾಡ್ತಾರಂತೆ, ನಿಜನಾ? ಕೇಳಿದ್ರೇ ಒಂಥರಾ ಆಗುತ್ತೆ

ನಿಜ. ಆ ಬೂಸ್ಟಿಗೆ ಆಸ್ಪರ್‌ಜಿಲಸ್ ಒರೈಜೆ ಅಂತ ಹೆಸರು. ಬೇಯಿಸಿದ ಅಕ್ಕಿ ಮೇಲೆ ಅದರ ಬೀಜಕಣ ಉದುರಿಸಿ ಬೆಚ್ಚಗೆ ತೇವದಲ್ಲಿ ಎರಡು ದಿನ ಇಟ್ರೆ ಅಕ್ಕಿಕಾಳಿನ ಸುತ್ತ ಬಿಳಿ ಹತ್ತಿ ತರ ಬೆಳೆಯುತ್ತೆ, ಸುವಾಸನೆ ಬೇರೆ, ಬೇಯಿಸಿದ ಗೆಣಸು ತರ. ಅದೇ ಕೋಜಿ. ಅಕ್ಕಿ ಬದಲು ಬಾರ್ಲಿ ಮೇಲೂ ಬೆಳೆಸ್ತಾರೆ, ಸೀದಾ ಸೋಯಾ ಮೇಲೂ ಬೆಳೆಸ್ತಾರೆ. ಸಾಕೆ ಅನ್ನೋ ಅಕ್ಕಿ ಮದ್ಯ, ಸೋಯಾ ಸಾಸ್ ಎರಡಕ್ಕೂ ಇದೇ ಬೇಕು, ಅದಕ್ಕೇ ಜಪಾನಿನ ಬ್ರೂಯಿಂಗ್ ಸೊಸೈಟಿಯವರು 2006ರಲ್ಲಿ ಇದನ್ನ ದೇಶದ ಶಿಲೀಂಧ್ರ ಅಂತಲೇ ಘೋಷಣೆ ಮಾಡಿದ್ರು. ರಾಷ್ಟ್ರೀಯ ಪಕ್ಷಿ, ರಾಷ್ಟ್ರೀಯ ಪುಷ್ಪ ಕೇಳಿದ್ವಿ, ರಾಷ್ಟ್ರೀಯ ಬೂಸ್ಟು ಕೇಳಿದ್ದು ಅಲ್ಲೇ ಮೊದಲು.

ಒಳಗೆ ನಡೆಯೋದು ಏನಂದ್ರೆ ಕೋಜಿ ಬಿಡೋ ಕಿಣ್ವಗಳು ಅಕ್ಕಿಯ ಪಿಷ್ಟವನ್ನ ಸಕ್ಕರೆ ಮಾಡ್ತವೆ, ಸೋಯಾದ ಪ್ರೋಟೀನನ್ನ ಒಡೆದು ಅಮೈನೋ ಆಮ್ಲ ಮಾಡ್ತವೆ. ಬೂಸ್ಟು ಮಾತ್ರ ಉಪ್ಪು ಬಿದ್ದು ಗಾಳಿ ನಿಂತ ಕೂಡ್ಲೇ ಸಾಯುತ್ತೆ, ಅದರ ಕಿಣ್ವ ಕೆಲಸ ಮುಂದುವರಿಸುತ್ತೆ. ಆಮೇಲೆ ಉಪ್ಪು ತಡ್ಕೊಳ್ಳೋ ಯೀಸ್ಟು, ಬ್ಯಾಕ್ಟೀರಿಯಾ ಬಂದು ವಾಸನೆ, ಚೂರು ಹುಳಿ ಸೇರಿಸ್ತವೆ. ಇಡ್ಲಿ ಹಿಟ್ಟಿನಲ್ಲಿ ಒಂದೇ ರಾತ್ರೀಲಿ ಬ್ಯಾಕ್ಟೀರಿಯಾ ಮಾಡಿ ಮುಗಿಸೋ ಕೆಲಸ, ಇಲ್ಲಿ ಮೂರು ಪಾಳಿಯಲ್ಲಿ ನಿಧಾನಕ್ಕೆ ನಡೆಯುತ್ತೆ.

ನಾವು ಪ್ಯೂರ್ ವೆಜ್, ಮಿಸೊದಲ್ಲಿ ಮೀನು ಇರುತ್ತಂತೆ ಹೌದಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದು, ಸ್ವಲ್ಪ ಗಮನ ಇಟ್ಟು ಓದಿ.

ಮಿಸೊ ಪೇಸ್ಟಿನಲ್ಲಿ ಮೀನಿಲ್ಲ. ಸೋಯಾ, ಅಕ್ಕಿ ಇಲ್ಲಾ ಬಾರ್ಲಿ, ಉಪ್ಪು, ಅಷ್ಟೇ. ಈರುಳ್ಳಿ ಬೆಳ್ಳುಳ್ಳಿನೂ ಇಲ್ಲ. ಆದ್ರೆ ಅಂಗಡೀಲಿ ದಾಶಿ ಇರಿ ಅಂತ ಒಂದು ಸಿಗುತ್ತೆ, ಅಂದ್ರೆ ದಾಶಿ (ಸೂಪಿಗೆ ಆಧಾರವಾಗೋ ರುಚಿ ನೀರು) ಸೇರಿಸಿದ್ದು ಅಂತ, ಕೆಲಸ ಸುಲಭ ಆಗ್ಲಿ ಅಂತ ಮೊದ್ಲೇ ಬೊನಿಟೊ ಮೀನಿನ ಸಾರ ಹಾಕಿರ್ತಾರೆ, ಪ್ಯಾಕೆಟ್ ನೋಡೋಕೆ ಒಂದೇ ತರ. ಆಮೇಲೆ ಬಿಸಿನೀರಿಗೆ ಹಾಕೋ ಇನ್‌ಸ್ಟಂಟ್ ಸೂಪ್ ಪ್ಯಾಕೆಟ್ಟುಗಳಲ್ಲಿ ಬಹುತೇಕ ಎಲ್ಲದರಲ್ಲೂ ಮೀನಿನ ಅಂಶ ಇರುತ್ತೆ. ಇನ್ನು ಹೋಟ್ಲಲ್ಲಿ ಕೊಡೋ ಮಿಸೊ ಸೂಪು, ಅದು ಹೆಚ್ಚುಕಮ್ಮಿ ಯಾವಾಗ್ಲೂ ಮೀನಿನ ನೀರಲ್ಲೇ ಮಾಡಿದ್ದು, ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನನ್ನ ಹೆರೆದು ಹಾಕ್ತಾರೆ ಅಥವಾ ಸಣ್ಣ ಒಣಮೀನು ಹಾಕ್ತಾರೆ. ಮೇಲೆ ಬರೀ ತೋಫು ತೇಲ್ತಿದೆ ಅಂತ ವೆಜ್ ಅಂದ್ಕೊಳ್ಳೋಕೆ ಆಗಲ್ಲ. ನಾನು ಮೊದಲ ಎರಡು ತಿಂಗಳು ಗೊತ್ತಿಲ್ಲದೆ ಕುಡಿದಿದ್ದೀನಿ, ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಕೇಳುವಾಗ ಇದರಲ್ಲಿ ಮೀನಿದೆಯಾ ಅಂತ ಕೇಳಬೇಡಿ, ಇಲ್ಲ ಅಂತಾರೆ, ಯಾಕಂದ್ರೆ ಮೀನಿನ ತುಂಡು ಇಲ್ವಲ್ಲ. ದಾಶಿ ಯಾವುದರದ್ದು ಅಂತ ಕೇಳಿ. ಬೌದ್ಧ ದೇವಸ್ಥಾನಗಳ ಶೋಜಿನ್ ಅಡುಗೆಯಲ್ಲಿ ಮಾತ್ರ ಸಮುದ್ರದ ಪಾಚಿ, ಅಣಬೆ ಹಾಕಿ ಮಾಡಿದ ಪೂರ್ತಿ ಸಸ್ಯಾಹಾರಿ ದಾಶಿ ಇರುತ್ತೆ.

ಬಿಳಿ, ಹಳದಿ, ಕೆಂಪು, ಕಪ್ಪು ಎಲ್ಲ ಇದೆ, ಮೊದಲ ಸಲ ಯಾವುದು ತಗೊಳ್ಳಲಿ?

ತಿಳಿ ಹಳದಿ ಬಣ್ಣದ ಶಿನ್ಶು ಮಿಸೊ. ನಾಗಾನೊ ಪ್ರಾಂತ್ಯದ್ದು, ಜಪಾನಲ್ಲಿ ಅತಿ ಹೆಚ್ಚು ಮಾರಾಟ ಆಗೋದೂ ಅದೇ ಬಗೆ, ಸೂಪಿಗೂ ಬೇರೆ ಅಡುಗೆಗೂ ಆಗುತ್ತೆ.

ಬಿಳಿದು ಅಂದ್ರೆ ಕೋಜಿ ಜಾಸ್ತಿ, ಉಪ್ಪು ಕಮ್ಮಿ, ಬೇಗ ಆಗೋದು, ಸಿಹಿ. ಕ್ಯೋಟೋದ ಸೈಕ್ಯೊ ಮಿಸೊ ಎಷ್ಟು ಸಿಹಿ ಅಂದ್ರೆ ಉಪ್ಪು ಸುಮಾರು 5 ಪರ್ಸೆಂಟ್ ಅಷ್ಟೇ, ಹೊಸ ವರ್ಷಕ್ಕೆ ಅಲ್ಲಿ ಅದರ ಸೂಪಿಗೆ ಮೋಚಿ ಅನ್ನೋ ದುಂಡನೆ ಅಂಟು ಅಕ್ಕಿ ಉಂಡೆ ಹಾಕ್ಕೊಂಡು ತಿಂತಾರೆ. ಕೆಂಪು ಅಂದ್ರೆ ಜಾಸ್ತಿ ದಿನ ಇಟ್ಟಿದ್ದು, ಉಪ್ಪೂ ಜಾಸ್ತಿ, ಸೆಂಡಾಯ್ ಮಿಸೊ ಈ ಜಾತಿ. ಬಾರ್ಲಿ ಮಿಸೊ ಕ್ಯೂಶು, ಶಿಕೊಕು ಕಡೆ. ಕಪ್ಪು ಅಂದ್ರೆ ಬರೀ ಸೋಯಾದ್ದು, ಅದರ ಕತೆ ಕೆಳಗೆ ಬರುತ್ತೆ. ಅವಾಸೆ ಅಂತ ಬರೆದಿದ್ರೆ ಎರಡು ಬಗೆ ಬೆರೆಸಿದ್ದು ಅಂತ ಅರ್ಥ, ಅದನ್ನೂ ಕಣ್ಮುಚ್ಚಿ ತಗೋಬಹುದು.

## ಒಲೆ ಮುಂದೆ ನಿಂತವರಿಗೆ

ಮಿಸೊ ಸೂಪ್ ಮಾಡೋದು ಹೇಗೆ, ಸುಲಭವಾಗಿ ಹೇಳಿ

ಇಬ್ಬರಿಗೆ ಎರಡು ಲೋಟ ಹತ್ರ, ಅಂದ್ರೆ 350 ಎಂಎಲ್ ದಾಶಿ. ಬೇಯೋಕೆ ಟೈಮ್ ಬೇಕಾಗೋ ತರಕಾರಿ, ಮೂಲಂಗಿ, ಆಲೂಗಡ್ಡೆ, ಸಿಹಿಕುಂಬಳ ಯಾವುದಾದ್ರೂ ಒಂದೆರಡು, ತೆಳ್ಳಗೆ ಹೆಚ್ಚಿ ಅದರಲ್ಲೇ ಬೇಯಿಸಿ. ತೋಫು ಇದ್ರೆ ಸಣ್ಣ ಚೌಕ ಮಾಡಿ ಕೊನೇಲಿ ಹಾಕಿ, ಪಾಲಕ್ ಆದ್ರೂ ಕೊನೇಲೇ. ಒಲೆ ಆರಿಸಿ. ಸೌಟಿನಲ್ಲಿ ಒಂದೂವರೆ ದೊಡ್ಡ ಚಮಚ ಮಿಸೊ ತಗೊಂಡು, ಸೌಟನ್ನ ಅರ್ಧ ಮುಳುಗಿಸಿ, ಚಮಚದಲ್ಲಿ ಅಲ್ಲೇ ಕದಡಿ ಕದಡಿ ಬಿಡ್ಬೇಕು, ಸೀದಾ ಹಾಕಿದ್ರೆ ಗಂಟು ತಳದಲ್ಲಿ ಕೂರುತ್ತೆ. ಟೀ ಸೋಸೋ ಜಾಲರಿಯಲ್ಲಿ ಇಟ್ಟು ತಿಕ್ಕಿದ್ರೂ ಆಯ್ತು. ಮೇಲೆ ಈರುಳ್ಳಿ ಹೂವಿನ ಹಸಿರು. ತಕ್ಷಣ ಬಡಿಸಿ, ಬಿಟ್ರೆ ಮೋಡ ತರ ತಳಕ್ಕೆ ಇಳಿಯುತ್ತೆ, ಇಳಿದ್ರೆ ಕೆಟ್ಟಿದೆ ಅಂತಲ್ಲ, ಒಂದು ಸಲ ಕಲಕಿ ಕುಡೀರಿ.

ವಾಕಾಮೆ ಅನ್ನೋ ಒಣ ಪಾಚಿ ಹಾಕೋದಾದ್ರೆ ಚಿಟಿಕೆ ಸಾಕು, ಮೊದಲ ಸಲ ನಾನು ಒಂದು ಹಿಡಿ ಹಾಕಿ ಪಾತ್ರೆ ಪೂರ್ತಿ ಕೆರೆ ಆಗಿತ್ತು.

ಕುದಿಸಬಾರದು ಅಂತಾರಲ್ಲ, ಕುದಿಸಿದ್ರೆ ವಿಷ ಆಗುತ್ತಾ?

ವಿಷ ಗಿಷ ಏನೂ ಇಲ್ಲ, ಘಮ ಹಾರಿ ಹೋಗುತ್ತೆ ಅಷ್ಟೇ. ರಸಂ ನೊರೆ ಕಟ್ಟಿ ಇನ್ನೇನು ಉಕ್ಕಬೇಕು ಅನ್ನುವಾಗ ಇಳಿಸ್ತೀವಲ್ಲ, ಅಲ್ಲೂ ಅದೇ ಕ್ಷಣಕ್ಕೆ ನಿಎಬಾನ ಅಂತ ಹೆಸರೇ ಇಟ್ಟಿದ್ದಾರೆ. ಅಡುಗೆಗೆ ಯಾವುದು ಯಾವ ಕ್ರಮದಲ್ಲಿ ಹಾಕ್ಬೇಕು ಅಂತ ನೆನಪಿಟ್ಕೊಳ್ಳೋಕೆ ಅವರು ಸ ಶಿ ಸು ಸೆ ಸೊ ಅಂತ ತಮ್ಮ ಅಕ್ಷರಮಾಲೆ ಸಾಲನ್ನೇ ಹೇಳ್ತಾರೆ, ಸಕ್ಕರೆ, ಉಪ್ಪು, ವಿನೆಗರ್, ಸೋಯಾ ಸಾಸ್, ಕೊನೇ ಸೊ ಅಂದ್ರೆ ಮಿಸೊ. ಪಕ್ಕದ ಮನೆ ಅಜ್ಜಿ ನನಗೆ ಹೇಳ್ಕೊಟ್ಟ ಮೊದಲ ಅಡುಗೆ ಪಾಠ ಅದೇ.

ಇದಕ್ಕೆ ತದ್ವಿರುದ್ಧನೂ ಇದೆ. ನಾಗೊಯಾದ ಮಿಸೊ ನಿಕೊಮಿ ಊಡೊನ್, ದಪ್ಪ ಗೋಧಿ ಶಾವಿಗೆಯನ್ನ ಕಪ್ಪು ಮಿಸೊದಲ್ಲಿ ಮಣ್ಣಿನ ಪಾತ್ರೆಯಲ್ಲಿ ಕುದಿಸ್ತಾರೆ, ಟೇಬಲ್ ಮೇಲೆ ತಂದಿಟ್ಟಾಗಲೂ ಕೊತಕೊತ ಅಂತಿರುತ್ತೆ. ಬರೀ ಸೋಯಾದ ಹಳೇ ಮಿಸೊ ಕುದಿ ತಡ್ಕೊಳ್ಳುತ್ತೆ. ತಿಳಿ ಬಣ್ಣದ್ದು ತಡೆಯಲ್ಲ.

ನಂದು ಯಾವಾಗ್ಲೂ ಉಪ್ಪಾಗುತ್ತೆ, ಅಳತೆ ಏನು?

ಮಿಸೊ ಹಾಕೋ ಅಡುಗೆಗೆ ಬೇರೆ ಉಪ್ಪು ಹಾಕ್ತಿದ್ದೀರಾ ನೋಡಿ, ಹತ್ತರಲ್ಲಿ ಎಂಟು ಜನರದ್ದು ಅದೇ ತಪ್ಪು. ಶಿನ್ಶು ಬಗೆಯಲ್ಲಿ ಉಪ್ಪು ಸುಮಾರು 12 ಪರ್ಸೆಂಟ್. ಒಂದು ದೊಡ್ಡ ಚಮಚ ಮಿಸೊ 18 ಗ್ರಾಂ ತೂಗುತ್ತೆ, ಅಂದ್ರೆ ಅದರಲ್ಲೇ 2 ಗ್ರಾಂ ಉಪ್ಪು. ತಿರುಗಿಸಿ ಲೆಕ್ಕ ಹಾಕಿದ್ರೆ ಒಂದು ಟೀ ಚಮಚ ಉಪ್ಪು ಹಾಕೋ ಕಡೆ ಹತ್ತಿರತ್ತಿರ ಮೂರು ದೊಡ್ಡ ಚಮಚ ಮಿಸೊ. ಒಬ್ಬರ ಬಟ್ಟಲು ಸೂಪಿಗೆ ಮುಕ್ಕಾಲು ಚಮಚದಿಂದ ಶುರು ಮಾಡಿ, ರುಚಿ ನೋಡಿ, ಆಮೇಲೆ ಬೇಕಾದ್ರೆ ಇನ್ನಷ್ಟು. ಬಿಳಿ ಸಿಹಿ ಮಿಸೊ ಆದ್ರೆ ಇದರ ಎರಡರಷ್ಟು ಹಿಡಿಯುತ್ತೆ.

ದಾಶಿ ಎಲ್ಲಿಂದ ತರೋದು, ಬರೀ ಬಿಸಿನೀರಿಗೆ ಹಾಕಿದ್ರೆ ಆಗಲ್ವಾ?

ಆಗುತ್ತೆ, ಆದ್ರೆ ಬೇಳೆ ಕಟ್ಟಿಲ್ಲದೆ ಬರೀ ನೀರಲ್ಲಿ ಮಾಡಿದ ಸಾರಿನ ಹಾಗೆ, ಬಾಯಿಗೆ ಏನೋ ಕಮ್ಮಿ ಅನ್ಸುತ್ತೆ. ಆ ಕಮ್ಮಿ ಏನು ಅಂತ ತಲೆ ಕೆಡಿಸ್ಕೊಂಡವರು ಟೋಕಿಯೋದ ಪ್ರೊಫೆಸರ್ ಕಿಕುನಾಎ ಇಕೆದಾ, ಕೊಂಬು ಅನ್ನೋ ಪಾಚಿ ಹಾಕಿದ ನೀರು ಯಾಕೆ ಅಷ್ಟು ರುಚಿ ಅಂತ ಹುಡುಕ್ತಾ ಹೋಗಿ 1908ರಲ್ಲಿ ಗ್ಲುಟಮೇಟ್ ಬೇರ್ಪಡಿಸಿದ್ರು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ರು. ಮಿಸೊದಲ್ಲೂ ಗ್ಲುಟಮೇಟ್ ಇದೆ. ಮೀನಿನಲ್ಲಿರೋ ಇನೊಸಿನೇಟ್ ಅಥವಾ ಒಣ ಶಿಟಾಕೆ ಅಣಬೆಯಲ್ಲಿರೋ ಗ್ವಾನಿಲೇಟ್ ಅದರ ಜೊತೆ ಸೇರಿದ್ರೆ ರುಚಿ ಕೂಡೋದಲ್ಲ, ಗುಣಾಕಾರ ಆಗುತ್ತೆ.

ವೆಜ್ ದಾಶಿ ಹೀಗೆ: ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ನಾಲ್ಕು ಒಣ ಶಿಟಾಕೆ, ರಾತ್ರಿ ಫ್ರಿಜ್ಜಲ್ಲಿ ನೆನೆಸಿಡಿ. ಕೊಂಬು ಮೇಲಿನ ಬಿಳಿ ಪುಡಿ ತೊಳೀಬೇಡಿ, ಅದು ಧೂಳಲ್ಲ, ರುಚಿನೇ ಅದು. ಬೆಳಿಗ್ಗೆ ಸಣ್ಣ ಉರೀಲಿ ಬಿಸಿ ಮಾಡಿ ಕುದಿಯೋಕೆ ಮುಂಚೆ ಕೊಂಬು ತೆಗೀರಿ, ಇಲ್ಲಾಂದ್ರೆ ಲೋಳೆ, ಕಹಿ. ಅಣಬೆ ಹೆಚ್ಚಿ ಸೂಪಿಗೇ ಹಾಕಿ. ಕೊಂಬು ಸಿಗದೇ ಇದ್ರೆ ಬರೀ ಶಿಟಾಕೆ. ಅದೂ ಇಲ್ದಿದ್ರೆ ಒಂದು ಹಣ್ಣು ಟೊಮೇಟೊ ಚೆನ್ನಾಗಿ ಕುದಿಸಿದ ನೀರು, ಟೊಮೇಟೊದಲ್ಲೂ ಗ್ಲುಟಮೇಟ್ ಧಾರಾಳ ಇದೆ.

ಸೂಪ್ ಎರಡು ಸಲ ಮಾಡಿ ಬೇಜಾರಾಯ್ತು, ಡಬ್ಬಿ ಹಾಗೇ ಇದೆ, ಬೇರೆ ಏನು ಮಾಡ್ಲಿ?

ಮೊದಲು ಬದನೆಕಾಯಿ. ನಾಸು ದೆಂಗಾಕು ಅಂತಾರೆ. ಕೆಂಪು ಮಿಸೊ ಮೂರು ಚಮಚ, ಸಕ್ಕರೆ ಎರಡು ಚಮಚ, ನೀರು ಮೂರು ಚಮಚ, ಸಣ್ಣ ಉರೀಲಿ ಕೈಬಿಡದೆ ತಿರುವಿದ್ರೆ ಗೊಜ್ಜಿನ ಹಾಗೆ ಹೊಳಪು ಬಂದು ಗಟ್ಟಿಯಾಗುತ್ತೆ. ಅಲ್ಲಿ ನೀರಿನ ಬದಲು ಮಿರಿನ್ ಅಂತ ಅಕ್ಕಿಯ ಸಿಹಿ ಮದ್ಯ ಹಾಕ್ತಾರೆ, ಬೇಡದವರಿಗೆ ನೀರೇ ಸಾಕು. ಉದ್ದ ಬದನೆಕಾಯಿ ಅರ್ಧ ಸೀಳಿ ಒಳಭಾಗದಲ್ಲಿ ಚಾಕುವಿಂದ ಗೀರು ಹಾಕಿ, ಕಾವಲಿ ಮೇಲೆ ಎಣ್ಣೆ ಸ್ವಲ್ಪ ಧಾರಾಳ ಬಿಟ್ಟು ಮುಚ್ಚಿ ಮೆತ್ತಗೆ ಬೇಯಿಸಿ. ಬೆಂದ್ಮೇಲೆ ಮಿಸೊ ಬಳಿದು, ಓವನ್ ಇದ್ರೆ ಮೇಲಿನ ಉರಿಯಲ್ಲಿ ಎರಡೇ ನಿಮಿಷ, ಇಲ್ದಿದ್ರೆ ಹಾಗೇ, ಮೇಲೆ ಹುರಿದ ಎಳ್ಳು. ಓವನ್ ಮುಂದಿಂದ ಏಳಬೇಡಿ, ಸಕ್ಕರೆ ಇರೋದ್ರಿಂದ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಸೀಯುತ್ತೆ. ಇದೇ ಗೊಜ್ಜು ಬಾಟಲಿಗೆ ತುಂಬಿ ಫ್ರಿಜ್ಜಲ್ಲಿ ಇಟ್ರೆ ವಾರಗಟ್ಟಲೆ ಇರುತ್ತೆ, ತೋಫು ಮೇಲೆ, ದಪ್ಪ ಬಿಲ್ಲೆ ಮಾಡಿ ಬೇಯಿಸಿದ ಮೂಲಂಗಿ ಮೇಲೆ, ನಮ್ಮನೇಲಿ ಸುವರ್ಣಗೆಡ್ಡೆ ಮೇಲೂ.

ಆಮೇಲೆ ಉಪ್ಪಿನಕಾಯಿ ತರದ್ದು, ಮಿಸೊಜುಕೆ. ಸೌತೆಕಾಯಿ, ಕ್ಯಾರೆಟ್ ಉದ್ದಕ್ಕೆ ಸೀಳಿ ಮಿಸೊದಲ್ಲಿ ಹೂತಿಟ್ರೆ ಮಾರನೇ ದಿನ ತಿನ್ನಬಹುದು. ತೋಫುವಿನ ನೀರು ಚೆನ್ನಾಗಿ ಒತ್ತಿ ತೆಗೆದು ಬಟ್ಟೆ ಸುತ್ತಿ ಮಿಸೊದಲ್ಲಿ ಮುಚ್ಚಿ ಫ್ರಿಜ್ಜಲ್ಲಿ ನಾಲ್ಕೈದು ದಿನ ಬಿಟ್ರೆ ಚೀಸ್ ತರ ಆಗುತ್ತೆ, ಇದನ್ನ ಒಂದು ಸಲ ಮಾಡಿದವರು ಬಿಡಲ್ಲ. ಹೂತ ಮಿಸೊ ನೀರು ಬಿಟ್ಟಿರುತ್ತೆ, ಅದನ್ನ ಸೂಪಿಗೆ ಬಳಸಿ ಮುಗಿಸಿ.

ಅನ್ನದ ಉಂಡೆಗೆ ಮಿಸೊ ಸವರಿ ಸುಡೋದು ಅಲ್ಲಿ ಮಕ್ಕಳಿಗೆ ಪ್ರಾಣ. ಸೋನಾ ಮಸೂರಿಯಲ್ಲಿ ಉಂಡೆ ನಿಲ್ಲಲ್ಲ, ನಾನು ಪ್ರಯತ್ನ ಮಾಡಿ ಒಲೆ ತುಂಬಾ ಅನ್ನ ಮಾಡ್ಕೊಂಡಿದ್ದೀನಿ, ಅಂಟೋ ಅಕ್ಕಿ ಬೇಕು.

ಮೀನು ತಿನ್ನೋರಿಗೆ ಸಬಾ ನೊ ಮಿಸೊನಿ ಇದೆ, ಸಬಾ ಅಂದ್ರೆ ಬಂಗುಡೆಯ ದಾಯಾದಿ, ಶುಂಠಿ, ಸಕ್ಕರೆ, ಮಿಸೊ ಹಾಕಿ ಕಮ್ಮಿ ನೀರಲ್ಲಿ ಬೇಯಿಸೋದು. ನಾನು ಮಾಡಿಲ್ಲ, ಮಂಗಳೂರಿನ ಗೆಳತಿ ಬಂಗುಡೆಯಲ್ಲೇ ಮಾಡಿ ಗಂಡನ ಹತ್ರ ಸೈ ಅನ್ನಿಸ್ಕೊಂಡಿದ್ದಾಳೆ.

ನಮ್ಮ ಸಾರು, ಪಲ್ಯಕ್ಕೆ ಹಾಕ್ಬಹುದಾ?

ಹುಣಸೆಹಣ್ಣು, ಇಂಗು, ಸಾರಿನಪುಡಿ ಇರೋ ಕಡೆ ಬೇಡ. ಮಿಸೊ ಕಾಣೋದೇ ಇಲ್ಲ, ದುಡ್ಡು ದಂಡ, ಜೊತೆಗೆ ಒಂದು ತರ ಮಂಕು ವಾಸನೆ. ಮಸಾಲೆ ಕಮ್ಮಿ ಇರೋ ಕಡೆ ಮಾತ್ರ ಅದು ಬಾಯಿ ಬಿಡುತ್ತೆ. ಟೊಮೇಟೊ ಸೂಪು, ಅಣಬೆ ಹುರಿದದ್ದು, ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ ಜೊತೆ, ಎಳ್ಳು ಅಥವಾ ಶೇಂಗಾ ಅರೆದ ಡ್ರೆಸ್ಸಿಂಗಿಗೆ ಉಪ್ಪಿನ ಬದಲು. ಮಕ್ಕಳ ಪಾಸ್ತಾಗೂ ಅರ್ಧ ಚಮಚ, ಹೇಳದೇ ಹಾಕಿ. ಮಿಸೊ ಒಗ್ಗರಣೆ, ಮಿಸೊ ಬಿಸಿಬೇಳೆಬಾತ್ ಅಂತೆಲ್ಲ ಯಾರಾದ್ರೂ ಹೇಳಿದ್ರೆ ನೀವು ಮಾಡಿ ತಿಂದು ನನಗೆ ತಿಳಿಸಿ.

ಚಮಚ ಕೊಡ್ಲೇ ಇಲ್ಲ, ಸೂಪ್ ಹೇಗೆ ಕುಡಿಯೋದು?

ಬಟ್ಟಲು ಎರಡೂ ಕೈಲಿ ಎತ್ತಿ ಸೀದಾ ಬಾಯಿಗೆ, ಒಳಗಿನ ತುಂಡುಗಳನ್ನ ಕಡ್ಡೀಲಿ. ಮುಚ್ಚಳ ಬಿಗಿಯಾಗಿ ಕೂತಿದ್ರೆ ಬಟ್ಟಲಿನ ಅಂಚನ್ನ ಮೆಲ್ಲಗೆ ಹಿಚುಕಿ, ಗಾಳಿ ಹೋಗಿ ಬಿಟ್ಕೊಳ್ಳುತ್ತೆ.

## ಡಬ್ಬಿ ಫೋಟೋ ಕಳಿಸೋರಿಗೆ

ಫ್ರಿಜ್ಜಲ್ಲಿ ಇಡ್ಲೇಬೇಕಾ? ಎಷ್ಟು ದಿನ ಬರುತ್ತೆ?

ಹೊರಗಿಟ್ರೆ ತಕ್ಷಣ ಕೆಡೋದಿಲ್ಲ, ಆದ್ರೆ ನಮ್ಮ ಬೇಸಿಗೇಲಿ ಹುದುಗು ಓಡುತ್ತೆ, ಬಣ್ಣ ರುಚಿ ಬದಲಾಗುತ್ತೆ. ತೆರೆದ ಮೇಲೆ ಫ್ರಿಜ್ಜಲ್ಲೇ ಇಡಿ. ಮೇಲ್ಮೈ ಸಮ ಮಾಡಿ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮುಚ್ಚಿ, ಒಣ ಚಮಚ ಮಾತ್ರ ಹಾಕಿ, ಉಪ್ಪಿನಕಾಯಿ ಭರಣಿಯ ಮಡಿನೇ ಇದಕ್ಕೂ. ಕೆಂಪು ಮಿಸೊ ಒಂದು ವರ್ಷ ಆರಾಮ, ಬಿಳಿದು ಉಪ್ಪು ಕಮ್ಮಿ ಇರೋದ್ರಿಂದ ಎರಡು ಮೂರು ತಿಂಗಳಲ್ಲಿ ಮುಗಿಸಿ. ಫ್ರೀಜರ್ ಇನ್ನೂ ಒಳ್ಳೇದು, ಉಪ್ಪಿನ ದೆಸೆಯಿಂದ ಕಲ್ಲಾಗಲ್ಲ, ತೆಗೆದ ಹಾಗೇ ಚಮಚ ಹಾಕ್ಬಹುದು.

ಬಣ್ಣ ಕಪ್ಪಾಗಿದೆ, ಮೇಲೆ ಬಿಳಿ ಪದರ ಬಂದಿದೆ, ಎಸೆದು ಬಿಡ್ಲಾ?

ಕಪ್ಪಾಗೋದು ಸಕ್ಕರೆ, ಅಮೈನೋ ಆಮ್ಲ ಸೇರಿ ನಡೆಸೋ ಮೈಲಾರ್ಡ್ ಕ್ರಿಯೆ, ಬ್ರೆಡ್ ಸುಟ್ಟಾಗ ಕಂದು ಆಗುತ್ತಲ್ಲ ಅದೇ, ಇಲ್ಲಿ ನಿಧಾನಕ್ಕೆ. ತಿನ್ನಬಹುದು. ಬಿಳಿ ತೆಳು ಪದರ ಸಾಮಾನ್ಯವಾಗಿ ಯೀಸ್ಟು, ಚಮಚದಲ್ಲಿ ಹೆರೆದು ತೆಗೀರಿ. ಒಳಗೆ ಮರಳಿನ ತರ ಬಿಳಿ ಚುಕ್ಕೆ ಸಿಕ್ರೆ ಅದು ಟೈರೋಸಿನ್ ಅನ್ನೋ ಅಮೈನೋ ಆಮ್ಲದ ಹರಳು. ಹಸಿರು, ಕಪ್ಪು, ಗುಲಾಬಿ ಕೂದಲು ಬೂಸ್ಟು ಬಂದ್ರೆ, ಅದರಲ್ಲೂ ಉಪ್ಪು ಕಮ್ಮಿ ಇರೋ ಬಿಳಿ ಮಿಸೊದಲ್ಲಿ ಬಂದ್ರೆ, ಜಿಪುಣತನ ಮಾಡದೆ ಬಿಸಾಕಿ.

ಪ್ಯಾಕೆಟ್ ಹಿಂದೆ ಆಲ್ಕೋಹಾಲ್ ಅಂತಿದೆ, ಏನಿದು?

ಪ್ಯಾಕೆಟ್ ಒಳಗೆ ಹುದುಗು ಮುಂದುವರಿದ್ರೆ ಗಾಳಿ ತುಂಬಿ ಚೀಲ ಊದುತ್ತೆ, ಅದನ್ನ ನಿಲ್ಸೋಕೆ ಸ್ವಲ್ಪ ಆಲ್ಕೋಹಾಲ್ ಸೇರಿಸ್ತಾರೆ. ಬೇಡ ಅನ್ನೋರು ಸೇರಿಸದೇ ಇರೋ ನಾಮ ಮಿಸೊ, ಅಂದ್ರೆ ಹಸಿ ಮಿಸೊ ಹುಡುಕಿ, ಅದರ ಚೀಲಕ್ಕೆ ಗಾಳಿ ಹೋಗೋ ಸಣ್ಣ ಕಿಂಡಿ ಇರುತ್ತೆ. ಅದರಲ್ಲೂ ಯೀಸ್ಟಿನಿಂದ ತಾನಾಗೇ ಬರೋ ಅಂಶ ಚೂರು ಇರುತ್ತೆ, ಧರ್ಮದ ಕಾರಣಕ್ಕೆ ಬಿಡೋರು ಇದನ್ನ ತಿಳಿದೇ ತೀರ್ಮಾನ ಮಾಡಿ.

## ಆರೋಗ್ಯದ ಪ್ರಶ್ನೆಗಳು

ಬಿಪಿ ಇದೆ, ಹುದುಗಿದ ಆಹಾರ ಒಳ್ಳೇದಲ್ವಾ ಅಂತ ದಿನಾ ಕುಡೀಬಹುದಾ?

ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಮ್ಮಿ ಇರ್ಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಒಂದು ಬಟ್ಟಲು ಸೂಪಲ್ಲೇ ಒಂದೂವರೆ ಗ್ರಾಂ ಹೋಯ್ತು. ಕುಡಿಯೋ ದಿನ ಉಪ್ಪಿನಕಾಯಿ ಹಪ್ಪಳ ಬಿಡಿ, ತರಕಾರಿ ಜಾಸ್ತಿ ಹಾಕಿ ನೀರು ಕಮ್ಮಿ ಮಾಡಿ. ಕಿಡ್ನಿ ತೊಂದರೆ ಇರೋರು ಡಾಕ್ಟರ್ ಕೇಳದೆ ಮುಟ್ಟಬೇಡಿ. ಖಿನ್ನತೆಗೆ ಎಂಎಒ ಇನ್ಹಿಬಿಟರ್ ಅನ್ನೋ ಬಗೆಯ ಮಾತ್ರೆ ತಗೊಳ್ಳೋರಿಗೆ ಮಿಸೊದಲ್ಲಿರೋ ಟೈರಮಿನ್ ಬಿಪಿ ಏಕ್‌ದಂ ಏರಿಸಬಹುದು, ಅವರೂ ಕೇಳಲೇಬೇಕು.

ಪ್ರೋಬಯಾಟಿಕ್ ಅಂತ ವಿಡಿಯೋದಲ್ಲಿ ಹೇಳಿದ್ರು

ಬಿಸಿ ಸೂಪಲ್ಲಿ ಬ್ಯಾಕ್ಟೀರಿಯಾ ಹೆಚ್ಚಿನವು ಸತ್ತಿರ್ತವೆ, ಅಂಗಡಿ ಮಿಸೊ ಎಷ್ಟೋ ಸಲ ಪಾಶ್ಚರೀಕರಿಸಿದ್ದೇ. ಜೀವಂತ ಬ್ಯಾಕ್ಟೀರಿಯಾಕ್ಕೆ ಅಂತ ಇಷ್ಟು ದುಡ್ಡು ಕೊಡೋ ಬದಲು ಮನೆ ಮಜ್ಜಿಗೆ ಕುಡೀರಿ. ಮಿಸೊ ರುಚಿಗೆ ತಿನ್ನಿ.

ಗ್ಲೂಟೆನ್ ಇರುತ್ತಾ?

ಬಾರ್ಲಿ ಮಿಸೊದಲ್ಲಿ ಇರುತ್ತೆ. ಅಕ್ಕಿ ಮಿಸೊದಲ್ಲಿ ಸಾಮಾನ್ಯವಾಗಿ ಇಲ್ಲ, ಲೇಬಲ್ ನೋಡಿ. ಸೋಯಾ ಅಲರ್ಜಿ ಇರೋರಿಗೆ ಮಿಸೊನೇ ಬೇಡ.

## ಹುಚ್ಚು ಹಿಡಿದವರಿಗೆ

ಹಾಚೊ ಮಿಸೊ ಯಾಕೆ ಅಷ್ಟು ಕಪ್ಪು, ಅಷ್ಟು ರೇಟು?

ನಾವಿದ್ದ ಮನೆಯಿಂದ ಒಕಾಜಾಕಿ ದೂರ ಇರ್ಲಿಲ್ಲ, ಆದ್ದರಿಂದ ಇದಕ್ಕೆ ನಾನು ಪಕ್ಷಪಾತಿ. ಒಕಾಜಾಕಿ ಕೋಟೆಯಿಂದ ಪಶ್ಚಿಮಕ್ಕೆ ಎಂಟು ಚೊ, ಅಂದ್ರೆ ಸುಮಾರು 870 ಮೀಟರ್, ಅಲ್ಲಿದ್ದ ಹಳ್ಳಿ ಹಾಚೊ, ಎಂಟು ಚೊ ಅಂತಲೇ ಹೆಸರು. ಅಕ್ಕಿ ಇಲ್ಲ, ಬಾರ್ಲಿ ಇಲ್ಲ, ಸೋಯಾ ಉಂಡೆಗಳ ಮೇಲೇ ಕೋಜಿ ಬೆಳೆಸ್ತಾರೆ. ಆಳೆತ್ತರದ ಮರದ ಪೀಪಾಯಿಯಲ್ಲಿ ಸುಮಾರು 6 ಟನ್ ಮಿಸೊ ತುಂಬಿ, ಅದರ ಮೇಲೆ ಹೊಳೆಕಲ್ಲುಗಳನ್ನ ಗೋಪುರ ತರ ಪೇರಿಸ್ತಾರೆ, ಕಲ್ಲೇ 3 ಟನ್ ಹತ್ರ, ಗಾರೆ ಗೀರೆ ಏನಿಲ್ಲ, ಬರೀ ಕೈಯಲ್ಲಿ ಜೋಡಿಸಿದ್ದು. ಮಿಡಿ ಮಾವಿನಕಾಯಿ ಉಪ್ಪಿಗೆ ಹಾಕಿ ಮೇಲೆ ಕಲ್ಲು ಹೇರ್ತಿದ್ದ ಅಜ್ಜಿ ನೆನಪಾದ್ರು ನನಗೆ, ಅವರ ಕಲ್ಲು ಒಂದೇ ಇತ್ತು ಅಷ್ಟೇ. ಎರಡು ಬೇಸಿಗೆ ಎರಡು ಚಳಿಗಾಲ ಹಾಗೇ ಕೂರಬೇಕು. ಸಿಹಿ ಇಲ್ಲ, ಸ್ವಲ್ಪ ಒಗರು, ಸ್ವಲ್ಪ ಹುಳಿ, ಗಟ್ಟಿ.

ಅಲ್ಲಿ ಈಗ ಉಳಿದಿರೋ ಹಳೇ ಮನೆತನಗಳು ಎರಡೇ, ಮಾರುಯಾ ಮತ್ತು ಕಾಕುಕ್ಯೂ, ರಸ್ತೆಯ ಆ ಕಡೆ ಒಂದು ಈ ಕಡೆ ಒಂದು. 2017ರಲ್ಲಿ ಸರ್ಕಾರ ಹಾಚೊ ಹೆಸರಿಗೆ ಜಿಐ, ಅಂದ್ರೆ ಊರಿನ ಹೆಸರಿಗೆ ಕೊಡೋ ಭೌಗೋಳಿಕ ಗುರುತು, ಕೊಟ್ಟಾಗ ಇಡೀ ಐಚಿ ಪ್ರಾಂತ್ಯದ ತಯಾರಕರ ಸಂಘಕ್ಕೆ ಕೊಡ್ತು, ಊರಿನ ಹೆಸರು ಹೊತ್ತ ಈ ಇಬ್ಬರೇ ಹೊರಗುಳಿದ್ರು, ದೊಡ್ಡ ಜಗಳ ಆಯ್ತು. ಅಂದ ಹಾಗೆ ಟೊಯೋಟ ಕಂಪನಿಯ ಊರೂ ಇದೇ ಐಚಿ, ಬಿಡದಿಗೆ ಅಲ್ಲಿಂದ ಬಂದು ಹೋಗೋ ಎಂಜಿನಿಯರ್‌ಗಳ ಪೆಟ್ಟಿಗೇಲಿ ಕಪ್ಪು ಮಿಸೊ ಇದ್ರೆ ಆಶ್ಚರ್ಯ ಇಲ್ಲ, ಆ ಊರವರಿಗೆ ಬೇರೆ ಬಣ್ಣದ್ದು ಮಿಸೊನೇ ಅಲ್ಲ.

ಹಳೇ ಕಾಲದಲ್ಲಿ ಸೈನಿಕರು ಮಿಸೊ ಹಗ್ಗ ತಿಂತಿದ್ರಂತೆ, ಕಟ್ಟುಕತೆನಾ?

ನಿಜ. ಕೆಸುವಿನ ದಂಟನ್ನ ಒಣಗಿಸಿ, ಮಿಸೊದಲ್ಲಿ ಬೇಯಿಸಿ, ಮತ್ತೆ ಒಣಗಿಸಿ ಹೆಣೆದು ಹಗ್ಗ ಮಾಡ್ತಿದ್ರು. ದಾರೀಲಿ ಸಾಮಾನು ಕಟ್ಟೋಕೆ ಹಗ್ಗ, ಹಸಿವಾದಾಗ ಒಂದು ಗೇಣು ಕತ್ತರಿಸಿ ಬಿಸಿನೀರಿಗೆ ಹಾಕಿದ್ರೆ ಸೂಪು. ಕೆಸುವಿನ ದಂಟಿಂದ ಮಲೆನಾಡಿನವರು ಏನೆಲ್ಲ ಮಾಡ್ತಾರೆ, ಹಗ್ಗ ಮಾತ್ರ ಹೊಳೆದಿರ್ಲಿಲ್ಲ.

ನಮ್ಮ ದೇಶದಲ್ಲಿ ಸೋಯಾ ಹುದುಗಿಸಿ ತಿನ್ನೋದು ಇಲ್ವಾ?

ಈಶಾನ್ಯದಲ್ಲಿ ಧಾರಾಳ ಇದೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಕಿನೆಮಾ, ನಾಗಾಲ್ಯಾಂಡಲ್ಲಿ ಅಖುನಿ, ಮಣಿಪುರದಲ್ಲಿ ಹವಾಯ್‌ಜಾರ್, ಮೇಘಾಲಯದಲ್ಲಿ ತುಂಗ್ರುಂಬಾಯ್. ಅವು ಬೂಸ್ಟಿನದ್ದಲ್ಲ, ಬ್ಯಾಸಿಲಸ್ ಬ್ಯಾಕ್ಟೀರಿಯಾದ್ದು, ಕೆಲವೇ ದಿನದಲ್ಲಿ ಆಗ್ತವೆ, ಮಿಸೊಗಿಂತ ನ್ಯಾಟೋ ಅನ್ನೋ ಜಪಾನಿನ ಇನ್ನೊಂದು ಹುದುಗಿದ ಸೋಯಾಗೆ ಹತ್ರ. ಮಿಸೊಗೆ ನಿಜವಾದ ಅಕ್ಕ ತಂಗಿ ಚೀನಾದ ಜಿಯಾಂಗ್, ಕೊರಿಯಾದ ದೋಯೆಂಜಾಂಗ್.

ಮನೇಲಿ ಮಾಡ್ಬಹುದಾ? ಪೂರ್ತಿ ಅಳತೆ ಕೊಡಿ

ಸೋಯಾ ಅವರೆ 500 ಗ್ರಾಂ, ಅಕ್ಕಿ ಕೋಜಿ 500 ಗ್ರಾಂ, ಉಪ್ಪು 220 ಗ್ರಾಂ. ಎರಡು ಕಿಲೋ ಹತ್ರ ಬರುತ್ತೆ. ಸೋಯಾ ನಮ್ಮಲ್ಲೇ ಬೀದರ್, ಬೆಳಗಾವಿ, ಧಾರವಾಡ ಕಡೆ ಬೆಳೀತಾರೆ, ಕೋಜಿ ಒಣಗಿಸಿದ್ದು ಆನ್‌ಲೈನ್ ಸಿಗುತ್ತೆ.

ಸೋಯಾ 18 ಗಂಟೆ ನೆನೆಸಿ, ಹೆಬ್ಬೆರಳು ಕಿರುಬೆರಳ ಮಧ್ಯೆ ಹಿಚುಕಿದ್ರೆ ಪುಡಿ ಆಗೋ ತನಕ ಬೇಯಿಸಿ. ಕುಕ್ಕರ್ ಆದ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಬಂದು ಸಿಪ್ಪೆ ಸೀಟಿಗೆ ಸಿಕ್ಕಿಕೊಳ್ಳುತ್ತೆ. ಬೆಂದ ನೀರು ಒಂದು ಲೋಟ ಎತ್ತಿಡಿ. ಬಿಸಿ ಇರುವಾಗ ಜಜ್ಜಿ, ಆಮೇಲೆ ಮೈ ಬೆಚ್ಚಗಿನಷ್ಟು ಆರಿಸಿ, ಬಿಸಿಗೆ ಕೋಜಿ ಹಾಕಿದ್ರೆ ಕಿಣ್ವ ಸತ್ತು ಎಲ್ಲ ವ್ಯರ್ಥ. ಕೋಜಿ ಉಪ್ಪು ಮೊದಲೇ ಬೇರೆ ಪಾತ್ರೆಯಲ್ಲಿ ಕಲೆಸಿಟ್ಟು ಇದಕ್ಕೆ ಸೇರಿಸಿ, ಒಣ ಅನ್ನಿಸಿದ್ರೆ ಎತ್ತಿಟ್ಟ ನೀರು ಚೂರು ಚೂರು, ರಾಗಿಮುದ್ದೆಗಿಂತ ಸ್ವಲ್ಪ ಮೆತ್ತಗೆ. ಉಂಡೆ ಕಟ್ಟಿ ಭರಣಿಯೊಳಗೆ ಜೋರಾಗಿ ಎಸೀಬೇಕು, ಗಾಳಿ ಹೋಗ್ಲಿ ಅಂತ, ನಮ್ಮನೇಲಿ ಈ ಒಂದು ಕೆಲಸಕ್ಕೆ ಮಕ್ಕಳು ಕರೀದೇ ಬರ್ತಾರೆ. ಮೇಲೆ ಉಪ್ಪು ಉದುರಿಸಿ, ಹಾಳೆ ಮುಚ್ಚಿ, ಅರ್ಧ ಕಿಲೋ ಉಪ್ಪಿನ ಪ್ಯಾಕೆಟ್ಟೇ ಭಾರಕ್ಕೆ ಇಟ್ಟು ಕತ್ತಲಲ್ಲಿ ಇಡಿ.

ಅಲ್ಲಿ ಜನವರಿ ಫೆಬ್ರವರಿ ಚಳೀಲಿ ಶುರು ಮಾಡ್ತಾರೆ, ತಣ್ಣಗೆ ಶುರುವಾಗಿ ಬೇಸಿಗೇಲಿ ಹಣ್ಣಾಗಲಿ ಅಂತ. ಜಪಾನಲ್ಲಿ ಹತ್ತು ತಿಂಗಳು ತಗೊಂಡಿದ್ದು ನನಗೆ ಬೆಂಗಳೂರಲ್ಲಿ ಆರು ತಿಂಗಳಿಗೇ ಆಯ್ತು, ಬಣ್ಣ ಒಂದು ಚೂರು ಗಾಢ.

ಕೋಜಿ ಸಿಗ್ಲಿಲ್ಲ, ಹಳೇ ಅನ್ನದ ಮೇಲೆ ಬಂದ ಬೂಸ್ಟು ಹಾಕ್ಬಹುದಾ?

ದಯವಿಟ್ಟು ಬೇಡ. ಕೋಜಿ ಬೂಸ್ಟಿನ ಹತ್ತಿರದ ಸಂಬಂಧಿ ಆಸ್ಪರ್‌ಜಿಲಸ್ ಫ್ಲೇವಸ್, ಅದು ಅಫ್ಲಟಾಕ್ಸಿನ್ ಅನ್ನೋ ವಿಷ ಮಾಡುತ್ತೆ, ಯಕೃತ್ತಿನ ಕ್ಯಾನ್ಸರ್ ತರಿಸೋ ಅಂಥದ್ದು, ಬೇಯಿಸಿದ್ರೂ ಹೋಗಲ್ಲ. ಕಣ್ಣಲ್ಲಿ ನೋಡಿ ಯಾವುದು ಯಾವುದು ಅಂತ ಹೇಳೋಕೆ ಆಗಲ್ಲ. ಕೋಜಿ ಅಥವಾ ಅದರ ಬೀಜಕಣ ಕೊಂಡೇ ತನ್ನಿ. ಇಡ್ಲಿ ಹಿಟ್ಟು, ಮೊಸರು ಇವೂ ಆಗಲ್ಲ, ಅವುಗಳ ಕೆಲಸವೇ ಬೇರೆ.

ಸೋಯಾ ಬದಲು ಕಡಲೆ, ಹುರುಳಿ ಹಾಕಿದ್ರೆ?

ಕಡಲೆಕಾಳಲ್ಲಿ ಚೆನ್ನಾಗೇ ಆಗುತ್ತೆ, ಸಿಹಿ ಜಾಸ್ತಿ, ಬೇಗ ಆಗುತ್ತೆ, ಜಪಾನಿನ ಹೊರಗೆ ಬೇಕಾದಷ್ಟು ಜನ ಮಾಡ್ತಾರೆ. ಬೇಯಿಸಿದ ಕಾಳಿನ ತೂಕ ನೋಡಿ, ಒಟ್ಟು ತೂಕದಲ್ಲಿ ಉಪ್ಪು 12 ಪರ್ಸೆಂಟ್‌ಗೆ ಕಮ್ಮಿ ಆಗದ ಹಾಗೆ ಹಾಕಿ. ಹುರುಳಿ ನಾನು ಹೋದ ವರ್ಷ ಅರ್ಧ ಕಿಲೋ ಹಾಕಿದ್ದೆ, ಸಿಪ್ಪೆ ಗಟ್ಟಿ, ಜಜ್ಜೋಕೆ ಜೀವ ಹೋಯ್ತು, ರುಚಿ ಹುರುಳಿ ಕಟ್ಟಿನ ಸಾರು ನೆನಪಿಸುತ್ತೆ. ಅತ್ತೆಗೆ ಇಷ್ಟ ಆದ ಒಂದೇ ಮಿಸೊ ಅದು.

ಆರು ತಿಂಗಳಾಯ್ತು, ತೆಗೆದು ನೋಡಿದ್ರೆ ಮೇಲೆ ಕಪ್ಪು ನೀರು ನಿಂತಿದೆ, ಕೆಟ್ಟೋಯ್ತಾ?

ಅದು ತಮಾರಿ, ಮಿಸೊ ತಾನಾಗೇ ಬಿಡೋ ರಸ. ಕೆಟ್ಟ ವಾಸನೆ ಇಲ್ಲ ಅಂದ್ರೆ ಭರಣಿಯಲ್ಲಿ ಅತಿ ರುಚಿಯಾದ ಭಾಗ ಅದೇ. ಎರಡು ಚಮಚ ಬೇರೆ ತೆಗೆದಿಟ್ಕೊಳ್ಳಿ, ಉಳಿದದ್ದು ಮಿಸೊ ಜೊತೆ ಮೇಲೆ ಕೆಳಗೆ ಮಾಡಿ ಕಲೆಸಿಬಿಡಿ. ತೆಗೆದಿಟ್ಟದ್ದನ್ನ ಬಿಸಿ ಅನ್ನಕ್ಕೆ ತುಪ್ಪದ ಜೊತೆ ನಾಲ್ಕು ಹನಿ.